ಲಯಕ್ಕೆ ಹಿಂದಿನ ಸಾಲೇ ಏಕೆ?

ಓದುಗರ ಪತ್ರ: "ನನಗೆ 43 ವರ್ಷ. ಡ್ರಮ್ಸ್ ಕಲಿಯಬೇಕೆಂಬುದು ಬಹುಕಾಲದ ಆಸೆ. ಈಗ ಹನ್ನೊಂದರ ಮಗಳೂ ಅದೇ ಹಟ ಹಿಡಿದಿದ್ದಾಳೆ. ಅವಳಿಗೆ ಎಡಗೈ ರೂಢಿ. ಮನೆಯಲ್ಲಿ ಮಾತ್ರ 'ಅದು ಬರೀ ಸದ್ದು. ಸಂಗೀತವೇ ಬೇಕೆಂದರೆ ಮೊದಲು ಕೀಬೋರ್ಡ್ ಕಲಿಯಿರಿ, ಸ್ವರಜ್ಞಾನವಾದರೂ ಬಂದೀತು' ಎನ್ನುತ್ತಾರೆ. ಅವರ ಮಾತು ಸರಿಯೇ? ಈ ವಯಸ್ಸಿನಲ್ಲಿ ಕೈಕಾಲು ಮಾತು ಕೇಳುತ್ತವೆಯೇ? ಅಕ್ಕಪಕ್ಕದವರ ಪಾಡೇನು?" — ಹೆಸರು ಬೇಡವೆಂದು ಕೋರಿದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕೀಬೋರ್ಡಿನಲ್ಲಿ ಸ್ವರಗಳು ಕಣ್ಣಿಗೆ ಕಾಣುವಂತೆ ಸಾಲಾಗಿ ಕೂತಿರುತ್ತವೆ, ಸದ್ದನ್ನು ಬೇಕಾದಷ್ಟು ತಗ್ಗಿಸಬಹುದು, ಒಂದೆರಡು ವಾರದಲ್ಲಿ ಮಗುವಿನ ಬೆರಳಿಗೆ ಗುರುತಿನ ಹಾಡೊಂದು ಸಿಗುತ್ತದೆ. ಇಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ: ಡ್ರಮ್ಸ್ ಕಲಿಯಲು ಕೀಬೋರ್ಡಿನ ಅಪ್ಪಣೆ ಬೇಕಿಲ್ಲ. ಸ್ವರ ಕಲಿಯುವವರಿಗೇ ಲಯದ ಪಾಠ ಮೊದಲು ಆಗಬೇಕು. ಹತ್ತು ಹಾಡು ನುಡಿಸಬಲ್ಲ, ಆದರೆ ಸಮ ಅಂತರದಲ್ಲಿ ಕ್ಲಿಕ್ ಕೊಡುವ ಮೆಟ್ರೊನೋಮ್ ಹಾಕಿದೊಡನೆ ಕಾಲಪ್ರಮಾಣ ಕಳೆದುಕೊಳ್ಳುವ ಕೀಬೋರ್ಡ್ ವಿದ್ಯಾರ್ಥಿಗಳು ಎಷ್ಟು ಮಂದಿಯೆಂದು ಯಾವ ಪ್ರಾಮಾಣಿಕ ಶಿಕ್ಷಕರನ್ನಾದರೂ ಕೇಳಿ ನೋಡಿ.

"ಬರೀ ಸದ್ದು" ಎಂಬ ಮಾತನ್ನು ನೀವು ಅಷ್ಟು ಸುಲಭವಾಗಿ ನುಂಗಿಕೊಂಡದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತು. ಸ್ನೇರ್ ಒಂದನ್ನೇ ತೆಗೆದುಕೊಳ್ಳಿ. 14 ಇಂಚು ಅಗಲದ ಆ ಡ್ರಮ್ಮಿನ ನಟ್ಟನಡುವೆ ಹೊಡೆದರೆ ಒಣ, ಗಿಡ್ಡ ನಾದ. ಅಂಚಿನತ್ತ ಸರಿದಂತೆ ಅದೇ ಹೆಡ್ (ಬಿಗಿದ ಹೊದಿಕೆ) ತೆಳುವಾಗಿ ಉಲಿಯುತ್ತದೆ. ಹೆಡ್ಡನ್ನೂ ಲೋಹದ ಅಂಚನ್ನೂ ಒಟ್ಟಿಗೆ ತಾಗಿಸಿದರೆ ಗುಂಡು ಹಾರಿದಂಥ ರಿಮ್‌ಶಾಟ್. ಸ್ಟಿಕ್ಕನ್ನು ಹೆಡ್ಡಿನ ಮೇಲೆ ಅಡ್ಡಲಾಗಿ ಮಲಗಿಸಿ ಅಂಚಿಗೆ ತಟ್ಟಿದರೆ ಮರದ ದನಿ. ಇವುಗಳ ನಡುವೆ, ಸ್ಟಿಕ್ಕನ್ನು ಎರಡು ಮೂರು ಸೆಂಟಿಮೀಟರ್ ಮಾತ್ರ ಎತ್ತಿ ಬಿಡುವ ಘೋಸ್ಟ್ ನೋಟುಗಳಿವೆ. ಅವು ಕೇಳಿಸುವುದಕ್ಕಿಂತ ಅನುಭವಕ್ಕೆ ಬರುವುದೇ ಹೆಚ್ಚು. ಕೆಳಗಿನ ಹೆಡ್ಡಿಗೆ ಒತ್ತಿದ ಉಕ್ಕಿನ ತಂತಿಗಳನ್ನು ಸಡಿಲಿಸಿಬಿಟ್ಟರೆ ಇಡೀ ವಾದ್ಯವೇ ಬೇರೆಯಾಗುತ್ತದೆ. ಶ್ರುತಿ ತಾಯಿ, ಲಯ ತಂದೆ ಎಂದು ಬಾಯಲ್ಲಿ ಹೇಳುತ್ತ ಲಯದವರನ್ನು ಹಿಂದಿನ ಸಾಲಿಗೆ ತಳ್ಳುವ ಅಭ್ಯಾಸ ನಮಗೆ ಹೇಗೆ ಬಂತು?

ವಯಸ್ಸಿನ ಚಿಂತೆ ಬಿಡಿ. ರಷ್ ತಂಡದ ನೀಲ್ ಪಿಯರ್ಟ್ ಜಗತ್ತಿನ ದೊಡ್ಡ ಡ್ರಮ್ಮರ್‌ಗಳಲ್ಲಿ ಒಬ್ಬರೆಂದು ಹೆಸರಾಗಿದ್ದಾಗಲೇ, 1990ರ ದಶಕದ ನಡುವಿನಲ್ಲಿ, ನಲವತ್ತು ದಾಟಿದ ಮೇಲೆ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಸ್ಟಿಕ್ ಹಿಡಿಯುವ ರೀತಿಯಿಂದಲೇ ಹೊಸದಾಗಿ ಶುರುಮಾಡಿದರು. ಡೆಫ್ ಲೆಪರ್ಡ್ ತಂಡದ ರಿಕ್ ಆಲನ್ 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈಯನ್ನೇ ಕಳೆದುಕೊಂಡರು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಲೆಕ್ಟ್ರಾನಿಕ್ ಪೆಡಲುಗಳ ಮೂಲಕ ಎಡಗಾಲಿಗೆ ಕಲಿಸಿ 1986ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ನಿನ ದೊಡ್ಡ ವೇದಿಕೆಗೆ ಮರಳಿದರು. ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿಗೆ ಹನ್ನೆರಡರ ವಯಸ್ಸಿಗೇ ಕಿವಿ ಬಹುಮಟ್ಟಿಗೆ ಕೇಳಿಸದಾಗಿತ್ತು. ಕಂಪನವನ್ನು ಮೈಯಿಂದ ಗ್ರಹಿಸಲು ಅವರು ಬರಿಗಾಲಲ್ಲಿ ನಿಂತು ನುಡಿಸುತ್ತಾರೆ. ಎರಡು ಕೈ, ಎರಡು ಕಾಲು, ಎರಡು ಕಿವಿ ಇರುವ ನೀವು 43 ಎಂದು ಹಿಂಜರಿಯುವುದು ಸರಿಯೇ?

ಇನ್ನು ಕೆಲಸದ ಮಾತು. ಮೊದಲ ದಿನವೇ ಪೂರ್ತಿ ಕಿಟ್ ಬೇಡ. ಒಂದು ಪ್ರಾಕ್ಟೀಸ್ ಪ್ಯಾಡ್ (ಸದ್ದು ಕಡಿಮೆಯ ಅಭ್ಯಾಸದ ಹಲಗೆ), ಒಂದು ಜೊತೆ ಸ್ಟಿಕ್, ಫೋನಿನಲ್ಲಿ ಮೆಟ್ರೊನೋಮ್, ಇಷ್ಟು ಸಾಕು. ಸ್ಟಿಕ್ ಅಳತೆ 5ಎ ಇರಲಿ: ಸುಮಾರು 16 ಇಂಚು ಉದ್ದ, 14 ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ಕೊಳ್ಳುವ ಮುನ್ನ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ. ಕುಣಿದರೆ ಸ್ಟಿಕ್ ಸೊಟ್ಟಗಿದೆ. ಎರಡನ್ನೂ ಒಂದೊಂದಾಗಿ ತಟ್ಟಿ ಕೇಳಿ. ದನಿ ಬೇರೆ ಬೇರೆ ಬಂದರೆ ಮರದ ಸಾಂದ್ರತೆ ಬೇರೆ, ಕೈಗೂ ಬೇರೆ ಬೇರೆ ತೂಕ ಸಿಗುತ್ತದೆ. ಹಿಂತುದಿಯಿಂದ ಮೂರನೇ ಒಂದು ಭಾಗ ಬಿಟ್ಟು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಉಳಿದ ಮೂರು ಬೆರಳು ಸ್ಟಿಕ್ಕನ್ನು ಸುತ್ತಿರಲಿ, ಹಿಸುಕದಿರಲಿ. ಹೊಡೆದ ಮೇಲೆ ಸ್ಟಿಕ್ ತಾನಾಗಿ ಮೇಲೇಳಬೇಕು. ಏಳುತ್ತಿಲ್ಲವೆಂದರೆ ನೀವು ಬಿಗಿಹಿಡಿದಿದ್ದೀರಿ. ಹೊಸಬರ ಬೊಬ್ಬೆಗಳು, ಮುಂಗೈ ನೋವು, ವೇಗ ಒಂದು ಮಟ್ಟದಲ್ಲಿ ನಿಂತುಬಿಡುವುದು, ಇವುಗಳಲ್ಲಿ ಬಹುಪಾಲಿಗೆ ಕಾರಣ ಈ ಬಿಗಿ. ನೋವು ಬಂದರೆ ನಿಲ್ಲಿಸಿ. ನೋವನ್ನು ದಾಟಿ ನುಡಿಸುವುದು ಶೌರ್ಯವಲ್ಲ.

ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಡಿ. ಬಲ-ಎಡ-ಬಲ-ಎಡ, ಆಮೇಲೆ ಬಲ-ಬಲ-ಎಡ-ಎಡ, ಆಮೇಲೆ ಪ್ಯಾರಡಿಡಲ್, ಅಂದರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ರೂಡಿಮೆಂಟುಗಳ, ಅಂದರೆ ಇಂಥ ಮೂಲ ಪೆಟ್ಟುಗಳ ಜೋಡಣೆಗಳ, ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಒಟ್ಟು 40 ಇವೆ. ಮೊದಲ ಮೂರು ತಿಂಗಳಿಗೆ ಈ ಮೂರೇ ಸಾಕು. ಒಂದು ಕ್ಲಿಕ್ಕಿಗೆ ಒಂದು, ಎರಡು, ಮೂರು, ನಾಲ್ಕು ಪೆಟ್ಟುಗಳಂತೆ ಏರಿ ಹಾಗೇ ಇಳಿಯಿರಿ. ಎರಡರಿಂದ ಮೂರಕ್ಕೆ ದಾಟುವಲ್ಲಿಯೇ ಎಲ್ಲರೂ ಎಡವುವುದು. ಬಾಯಲ್ಲಿ ಎಣಿಸುತ್ತಲೇ ನುಡಿಸಿ. ದಿನಕ್ಕೆ 20 ನಿಮಿಷ ಕೂತವರು, ವಾರಕ್ಕೊಮ್ಮೆ ಎರಡೂವರೆ ಗಂಟೆ ಬೆವರಿಳಿಸಿದವರಿಗಿಂತ ಬೇಗ ಮುಂದೆ ಹೋಗುತ್ತಾರೆ.

ಕಿಟ್ಟಿಗೆ ಬಂದಾಗ ಮೊದಲು ಸರಿಮಾಡಬೇಕಾದದ್ದು ಸೀಟು. ತೊಡೆ ಮಂಡಿಯತ್ತ ತುಸು ಇಳಿಜಾರಾಗಿರಬೇಕು. ತೀರಾ ತಗ್ಗಾದರೆ ಸೊಂಟ ಹಿಡಿಯುತ್ತದೆ, ಪೆಡಲಿನ ಮೇಲೆ ಕಾಲು ಭಾರವಾಗುತ್ತದೆ. ಬಳಿಕ ಜಗತ್ತಿನ ಅರ್ಧ ಹಾಡುಗಳನ್ನು ಹೊತ್ತಿರುವ ಆ ಸರಳ ಗ್ರೂವ್ (ಮರುಕಳಿಸುವ ಲಯದ ನಡೆ): ಬಲಗೈ ಹೈ-ಹ್ಯಾಟ್ (ಪೆಡಲಿರುವ ಜೋಡಿ ಸಿಂಬಲ್) ಮೇಲೆ ಸಮವಾಗಿ ಎಂಟು ಪೆಟ್ಟು, ಎಡಗೈ ಸ್ನೇರ್ ಮೇಲೆ ಮೂರನೆಯ ಮತ್ತು ಏಳನೆಯ ಪೆಟ್ಟಿಗೆ, ಬಲಗಾಲು ಕಿಕ್ (ಪೆಡಲಿನಿಂದ ನುಡಿಸುವ ದೊಡ್ಡ ಡ್ರಮ್) ಮೇಲೆ ಒಂದನೆಯ ಮತ್ತು ಐದನೆಯದಕ್ಕೆ. ಎಂಟು ಮನೆಗಳನ್ನು ಕಾಗದದಲ್ಲಿ ಬರೆದು ಯಾವ ಮನೆಯಲ್ಲಿ ಯಾವ ಅಂಗಗಳು ಕೂಡುತ್ತವೆ ಎಂದು ಗುರುತಿಸಿ, ಒಂದೊಂದು ಮನೆಯಲ್ಲೂ ನಿಂತು ಮುಂದೆ ಹೋಗಿ. ಎರಡನೇ ವಾರಕ್ಕೆ ಇದು ಕೂಡಿಬರುತ್ತದೆ. ತೊಡಕು ಬರುವುದು ಕಿಕ್ಕನ್ನು ನಾಲ್ಕನೆಯ ಪೆಟ್ಟಿಗೆ ಸರಿಸಿದಾಗ. ಅಲ್ಲಿ ಕಾಲಿನ ಜೊತೆ ಎಡಗೈಯೂ ಓಡಿಬರುತ್ತದೆ, ಇಲ್ಲವೇ ಬಲಗೈ ಒಂದು ಕ್ಷಣ ನಿಂತುಬಿಡುತ್ತದೆ. ಇದು ದಡ್ಡತನವಲ್ಲ, ಅಂಗಗಳು ಹುಟ್ಟಿನಿಂದ ಜೊತೆಯಾಗಿ ಚಲಿಸಿ ರೂಢಿಯಾದದ್ದರ ಫಲ. ವೇಗ ಅರ್ಧಕ್ಕಿಳಿಸಿ, ಸಿಕ್ಕು ಬಿದ್ದ ಆ ಎರಡು ಮನೆಗಳನ್ನಷ್ಟೇ ಸುತ್ತಿಸಿ.

ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಹೈ-ಹ್ಯಾಟ್ ಮತ್ತು ಸ್ನೇರ್ ಒಂದೇ ಸದ್ದಾಗಿ ಬೀಳದೆ "ಟ್ರಪ್" ಎಂದು ಸೀಳಿ ಕೇಳಿಸಿದರೆ ಎಡಗೈ ತಡವಾಗಿದೆ. ಹೈ-ಹ್ಯಾಟ್ ಎಲ್ಲವನ್ನೂ ಮುಚ್ಚಿಹಾಕುತ್ತಿದ್ದರೆ ಬಲಗೈಯನ್ನು ತಗ್ಗಿಸಿ. ಹೊಸಬರೆಲ್ಲರ ತಪ್ಪು ಇದೇ. ಫಿಲ್ (ಗ್ರೂವಿನ ನಡುವೆ ತುಂಬುವ ಚಿಕ್ಕ ಅಲಂಕಾರದ ನುಡಿ) ಬಂದಾಗ ಕಾಲಪ್ರಮಾಣ ಓಡುತ್ತದೆ, ಏಕೆಂದರೆ ಟಾಮ್ ಎಂಬ ಡ್ರಮ್ಮುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಅವಸರದಲ್ಲಿ ನಾವು ಉಸಿರು ಬಿಗಿಹಿಡಿಯುತ್ತೇವೆ. ಮೂರು ಆವರ್ತ ಗ್ರೂವ್, ನಾಲ್ಕನೆಯದು ಫಿಲ್, ಉದ್ದಕ್ಕೂ ಬಾಯಲ್ಲಿ ಎಣಿಕೆ. ಕಿಕ್ಕಿನ ಬೀಟರನ್ನು (ಪೆಡಲಿನ ಸುತ್ತಿಗೆಯನ್ನು) ಹೆಡ್ಡಿಗೆ ಒತ್ತಿ ಹಿಡಿಯುವ ಚಟ ಆರಂಭದಲ್ಲೇ ಬೇಡ. ನಾದ ಸಾಯುತ್ತದೆ, ಒಮ್ಮೊಮ್ಮೆ ಬೀಟರ್ ನಡುಗಿ ಎರಡನೇ ಸಣ್ಣ ಪೆಟ್ಟೂ ಬೀಳುತ್ತದೆ.

ಶ್ರುತಿಯ ವಿಷಯವನ್ನು ಶಿಕ್ಷಕರು ಮುಂದಕ್ಕೆ ತಳ್ಳುತ್ತಾರೆ. ತಳ್ಳಬಾರದು. ಹೆಡ್ಡನ್ನು ಎಳೆದು ಹಿಡಿಯುವ ಟೆನ್ಷನ್ ರಾಡುಗಳನ್ನೆಲ್ಲ ಬೆರಳಲ್ಲಿ ಆಗುವಷ್ಟು ಬಿಗಿಮಾಡಿ, ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು, ಒಂದಾದ ಮೇಲೆ ಅದರ ಎದುರಿನದು. ಪಕ್ಕಪಕ್ಕದ್ದನ್ನು ಬಿಗಿಯುತ್ತ ಹೋದರೆ ಹೆಡ್ ಒಂದು ಬದಿಗೆ ಎಳೆದುಕೊಂಡು ಸುಕ್ಕು ಬೀಳುತ್ತದೆ. ಬಳಿಕ ಪ್ರತಿ ರಾಡಿನ ಬಳಿ ಅಂಚಿನಿಂದ ಒಂದು ಇಂಚು ಒಳಗೆ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ತಿದ್ದಿ. ಕೆಳಗಿನ ಹೆಡ್ ಮೇಲಿನದಕ್ಕಿಂತ ತುಸು ಏರಿಕೆಯಲ್ಲಿದ್ದರೆ ಟಾಮುಗಳು ದುಂಡಗೆ ಉಲಿಯುತ್ತವೆ. "ಸ್ವರಜ್ಞಾನ" ಎಂದರಲ್ಲ ನಿಮ್ಮ ಮನೆಯವರು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಈ ಕೆಲಸ ಮಾಡಿ.

ಪ್ರಯೋಜನಗಳ ಬಗ್ಗೆ ಬರೆಯುವವರು ಅತಿಯಾಗಿ ಹೇಳುತ್ತಾರೆ. ನಾನು ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಬ್ಲಾಂಡಿ ತಂಡದ ಡ್ರಮ್ಮರ್ ಕ್ಲೆಮ್ ಬರ್ಕ್ ಅವರ ಮೇಲೆ ಬ್ರಿಟನ್ನಿನ ಸಂಶೋಧಕರು ವರ್ಷಗಟ್ಟಲೆ ನಡೆಸಿದ ಅಳತೆಗಳಲ್ಲಿ, ಕಛೇರಿಯ ನಡುವೆ ಹೃದಯದ ಬಡಿತ ನಿಮಿಷಕ್ಕೆ ಸರಾಸರಿ 140-150, ಗರಿಷ್ಠ 190 ಮುಟ್ಟಿತ್ತು. ಜರ್ಮನಿಯ ಬೋಖುಮ್‌ನ ಸಂಶೋಧಕರು 2019ರಲ್ಲಿ 20 ವೃತ್ತಿಪರ ಡ್ರಮ್ಮರ್‌ಗಳ ಮೆದುಳನ್ನು ಪರೀಕ್ಷಿಸಿದಾಗ, ಎಡಬಲ ಮೆದುಳನ್ನು ಬೆಸೆಯುವ ನರಸೇತುವೆಯ ಮುಂಭಾಗದಲ್ಲಿ ಎಳೆಗಳು ಕಡಿಮೆ ಆದರೆ ದಪ್ಪವಾಗಿದ್ದವು. ಅವರಿಗೆ ಸರಾಸರಿ 17 ವರ್ಷಗಳ ಅಭ್ಯಾಸವಿತ್ತೆಂಬುದನ್ನು ಮರೆಯಬೇಡಿ. ಆರು ತಿಂಗಳಲ್ಲಿ ಮೆದುಳು ಬದಲಾಗುತ್ತದೆಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಡಿ. ಆದರೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇರುವ ಹದಿಹರೆಯದವರು ವಾರಕ್ಕೆ ಎರಡು ಪಾಠದಂತೆ ಎರಡು ತಿಂಗಳು ಕಲಿತಾಗಲೇ ಅವರ ಚಡಪಡಿಕೆ, ಗಮನ ಚದುರುವಿಕೆ ತಗ್ಗಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ನಾಲ್ಕು ಅಂಗಗಳು ಮೊದಲ ಸಲ ಒಂದು ಗ್ರೂವಿನಲ್ಲಿ ಕೂಡಿ ತಾವಾಗಿ ನಡೆಯತೊಡಗುವ ಆ ಗಳಿಗೆಯ ಸಂತೋಷಕ್ಕೆ ಯಾವ ಅಳತೆಗೋಲೂ ಇಲ್ಲ.

ಅಕ್ಕಪಕ್ಕದವರ ಬಗ್ಗೆ ಕೇಳಿದ್ದೀರಿ, ಒಳ್ಳೆಯದು. ನಿಮ್ಮ ಕಿವಿಯ ಬಗ್ಗೆಯೂ ಕೇಳಬೇಕಿತ್ತು. ಅಕೌಸ್ಟಿಕ್ ಕಿಟ್ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. 85 ಡೆಸಿಬೆಲ್ಲಿಗೆ ಎಂಟು ಗಂಟೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ, 100ಕ್ಕೆ 15 ನಿಮಿಷ ಮಾತ್ರ. ಇಬ್ಬರಿಗೂ ಮೊದಲ ದಿನದಿಂದಲೇ ಕಿವಿರಕ್ಷೆ ಬೇಕು. ಎಲೆಕ್ಟ್ರಾನಿಕ್ ಕಿಟ್ ಕೊಂಡರೆ ಗೋಡೆಯಾಚೆಯವರು ಬಚಾವ್, ಕೆಳಮನೆಯವರಲ್ಲ: ಕಿಕ್ ಪೆಡಲಿನ ಗುದ್ದು ನೆಲದ ಮೂಲಕ ಇಳಿಯುತ್ತದೆ. ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿದ ವೇದಿಕೆಯ ಮೇಲೆ ಕಿಟ್ ಇಟ್ಟರೆ ಅದು ಬಹಳ ತಗ್ಗುತ್ತದೆ. ಹೆಡ್ ಮೆಶ್‌ನದ್ದೇ (ಬಲೆಯಂಥ ಹೆಣಿಗೆಯದ್ದೇ) ಇರಲಿ, ರಬ್ಬರಿನದು ಬೇಡ. ಮೆಶ್ ನಿಜವಾದ ಹೆಡ್ಡಿಗಿಂತ ಹೆಚ್ಚು ಪುಟಿಯುತ್ತದೆ, ಹಾಗಾಗಿ ಪ್ಯಾಡಿನ ಅಭ್ಯಾಸ ಬಿಡಬೇಡಿ.

"ಬರೀ ಸದ್ದು" ಎಂಬ ಧೋರಣೆ ನಿಮ್ಮ ಮನೆಯದಷ್ಟೇ ಅಲ್ಲ. ಅದು ಲೆಕ್ಕಪುಸ್ತಕದವರೆಗೂ ಹೋಗಿದೆ. 1969ರಲ್ಲಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ಒಂದು ಹಾಡಿನ ನಡುವೆ ಆರೇಳು ಸೆಕೆಂಡು ಒಂಟಿಯಾಗಿ ನುಡಿಸಿದರು. ಆ ನಾಲ್ಕು ಆವರ್ತಗಳನ್ನು ಕತ್ತರಿಸಿ ಅಂಟಿಸಿದ ಹಾಡುಗಳು ಸಾವಿರಾರು. ಅದರ ಮೇಲೆ ಸಂಗೀತದ ಇಡೀ ಪ್ರಕಾರಗಳೇ ಎದ್ದವು. ಕೋಲ್ಮನ್ 2006ರಲ್ಲಿ ತೀರಿಕೊಂಡರು, ಅದಕ್ಕಾಗಿ ಅವರಿಗೆ ಬಿಡಿಗಾಸು ರಾಯಧನವೂ ಬರಲಿಲ್ಲ. ಜೇಮ್ಸ್ ಬ್ರೌನ್ ಅವರ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ್ದೂ ಹಾಗೆಯೇ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಮರುಬಳಕೆಯಾಯಿತು, ಕೃತಿಸ್ವಾಮ್ಯ ಮಾತ್ರ ಅವರದಾಗಲಿಲ್ಲ. ಮಟ್ಟು ಕಟ್ಟಿದವರು, ಸಾಹಿತ್ಯ ಬರೆದವರು ಕರ್ತೃಗಳು. ಜನ ಎದ್ದು ಕುಣಿಯುವಂತೆ ಮಾಡಿದವರು ಕೂಲಿಯವರು! ಈಗ ಧ್ವನಿಮುದ್ರಣದಲ್ಲಿ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನ ಗೆರೆಗೆ ಎಳೆದು ಕೂರಿಸುತ್ತಾರೆ. ಸ್ನೇರನ್ನು ಕೂದಲೆಳೆಯಷ್ಟು ಹಿಂದೆ ಹಾಕಿ ಹಾಡಿಗೆ ವಿರಾಮದ ನಡೆ ಕೊಡುವುದು ಡ್ರಮ್ಮರ್ ವರ್ಷಗಟ್ಟಲೆ ಗಳಿಸಿದ ಕೌಶಲ. ಅದನ್ನು ದೋಷವೆಂದು ಅಳಿಸುತ್ತಾರೆ. ಇನ್ನೊಂದು ಕಡೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ತೋರಿಸುವ ವಿಡಿಯೊಗಳ ಸಂತೆ. ಮಗಳಿಗೆ ಅವುಗಳ ರುಚಿ ಹತ್ತಿಸಬೇಡಿ. ನಿಮಿಷಕ್ಕೆ 40ರ ವೇಗದಲ್ಲಿ ಸರಳ ಗ್ರೂವೊಂದನ್ನು ಐದು ನಿಮಿಷ ಅಲುಗಾಡದೆ ನುಡಿಸಲು ಹೇಳಿ. ನಿಜವಾದ ಕಷ್ಟ ಅಲ್ಲಿದೆ.

ಕೊನೆಗೆ ಅವಳ ಎಡಗೈ. ಕಿಟ್ಟನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕುವುದು ಒಂದು ದಾರಿ. ಆದರೆ ಇಬ್ಬರಿಗೂ ಒಂದೇ ಕಿಟ್ ಇರುವಾಗ ದಿನಾ ಬದಲಿಸುವುದರಲ್ಲೇ ಉತ್ಸಾಹ ಸೋರಿಹೋಗುತ್ತದೆ. ಬೀಟಲ್ಸ್‌ನ ರಿಂಗೊ ಸ್ಟಾರ್ ಎಡಗೈಯವರಾಗಿದ್ದೂ ಬಲಗೈಯವರ ಕಿಟ್ಟಿನಲ್ಲೇ ನುಡಿಸಿದರು. ಅವರ ಫಿಲ್‌ಗಳ ವಿಚಿತ್ರ ಸೊಗಸು ಅದರಿಂದಲೇ ಬಂತೆಂದು ಅವರೇ ಹೇಳಿದ್ದಾರೆ. ಮೂರನೆಯ ದಾರಿ ನನಗೆ ಹೆಚ್ಚು ಇಷ್ಟ: ಕಿಟ್ ಇದ್ದಂತೆ ಇರಲಿ, ಅವಳು ಕೈ ಅಡ್ಡಹಾಯಿಸದೆ ಎಡಗೈಯಿಂದಲೇ ಹೈ-ಹ್ಯಾಟ್, ಬಲಗೈಯಿಂದ ಸ್ನೇರ್ ನುಡಿಸಲಿ. ಹೈ-ಹ್ಯಾಟನ್ನು ಒಂದೆರಡು ಇಂಚು ತಗ್ಗಿಸಿ, ರೈಡ್ ಎಂಬ ದೊಡ್ಡ ಸಿಂಬಲನ್ನು ಎಡಬದಿಗೆ ತನ್ನಿ. ಕಿಕ್ ಮಾತ್ರ ಬಲಗಾಲಿಗೇ ಉಳಿಯುತ್ತದೆ. ಮೊದಲ ತಿಂಗಳು ಅದೇ ಅವಳಿಗೆ ಕಷ್ಟವಾದೀತು, ಹಾಗಾಗಿ ಬರೀ ಕಾಲಿಗೆ ದಿನಕ್ಕೆ ಐದು ನಿಮಿಷ ಬೇರೆಯೇ ಇಡಿ. ಜಮಖಾನದ ಮೇಲೆ ಪ್ರತಿ ಸ್ಟ್ಯಾಂಡಿನ ಕಾಲಿಗೂ ಟೇಪಿನ ಗುರುತು ಹಾಕಿ, ಸೀಟಿನ ಕಂಬಕ್ಕೆ ಇಬ್ಬರ ಎತ್ತರವನ್ನೂ ಬೇರೆ ಬೇರೆ ಬಣ್ಣದಲ್ಲಿ ಗೀಚಿ. ಮೊದಲ ಸರದಿ ಅವಳಿಗೆ ಕೊಡಿ.