100 ಮೀಟರ್ ಟಾರ್ಚಿಗೆ 3 ಮೀಟರ್‌ನಲ್ಲೇ ನೀರು

ಪ್ರಶ್ನೆ: ಬೋಟಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ನೀರಿಗಿಳಿದು ಬಿಡಿಸಿಕೊಡುವುದು ನನ್ನ ಕೆಲಸ. ಮಳೆಗಾಲದ ರಜೆ ಕಳೆದು ಆಗಸ್ಟ್‌ನಲ್ಲಿ ಡೈವಿಂಗ್ ಟಾರ್ಚ್ ಹೊರತೆಗೆದ ಮೇಲೆ ತೊಂದರೆ ಶುರುವಾಗಿದೆ. ಮೇಲೆ ಚೆನ್ನಾಗಿ ಉರಿಯುತ್ತದೆ, ನೀರಿಗಿಳಿದು ಸ್ವಲ್ಪ ಹೊತ್ತಿಗೆ ಮಿಣುಕಿ ಆರುತ್ತದೆ. ತಟ್ಟಿದರೆ ಮತ್ತೆ ಉರಿಯುತ್ತದೆ. ಗಾಜಿನ ಒಳಗೆ ಮಂಜು ಕಟ್ಟುತ್ತದೆ. 100 ಮೀಟರ್‌ವರೆಗೆ ನೀರು ಹೋಗದು ಎಂದು ಬರೆದಿದೆ, ನಾನು ಇಳಿಯುವುದು 3 ಮೀಟರ್. ಹೊಸ ಬ್ಯಾಟರಿ ಹಾಕಿದರೆ ಸರಿಹೋದೀತೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬ್ಯಾಟರಿಗೆ ಈಗಲೇ ದುಡ್ಡು ಹಾಕಬೇಡಿ. ಒಳಗೆ ಬಿಚ್ಚಿ ನೋಡುವವರೆಗೆ ಇರುವುದನ್ನು ಚಾರ್ಜಿಗೂ ಹಾಕಬೇಡಿ. ತಟ್ಟಿದಾಗ ಉರಿಯುತ್ತದೆಂದರೆ ಎಲ್ಲೋ ಕಾಂಟ್ಯಾಕ್ಟ್ ಹಿಡಿಯುತ್ತಿಲ್ಲ. ಮಂಜು ಕಟ್ಟುತ್ತದೆಂದರೆ ಒಳಗೆ ತೇವ ಇದೆ. ಎರಡೂ ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಓ-ರಿಂಗ್ ಮೇಲೆ, ಅಂದರೆ ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆಯ ಮೇಲೆ.

ಆ 100 ಮೀಟರ್ ಲೆಕ್ಕ ಸ್ವಚ್ಛವಾದ, ಸರಿಯಾಗಿ ಕೂತ ರಿಂಗಿಗೆ ಮಾತ್ರ. ನೀರಿನ ಒತ್ತಡವೇ ರಿಂಗನ್ನು ಅದು ಕೂರುವ ಕಚ್ಚಿನ ಗೋಡೆಗೆ ಒತ್ತಿ ಬಿಗಿ ಮಾಡುತ್ತದೆ. 10 ಮೀಟರ್ ಇಳಿದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 3 ಮೀಟರ್‌ನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ರಿಂಗಿನ ಮೇಲೆ ಒಂದು ಕೂದಲೋ ಮರಳಿನ ಕಣವೋ ಬಲೆಯ ಎಳೆಯೋ ಕೂತಿದ್ದರೆ ಕಡಿಮೆ ಆಳದಲ್ಲೇ ನೀರು ಜಿನುಗಲು ಅಷ್ಟು ಸಾಕು.

ಬಿಚ್ಚುವ ಮೊದಲು ಸಿಹಿನೀರಿನಲ್ಲಿ ತೊಳೆದು ಒರೆಸಿ. ಬಿಚ್ಚುವಾಗ ಎರಡು ತುದಿಯೂ ನಿಮ್ಮ ಮುಖದ ಕಡೆಗೆ ಇರಬಾರದು. ಉಪ್ಪುನೀರು ಸೆಲ್ಲಿಗೆ ತಾಗಿದ್ದರೆ ಒಳಗೆ ಗ್ಯಾಸ್ ತುಂಬಿ ಮುಚ್ಚಳ ಸಿಡಿಯುವುದುಂಟು. ಸೆಲ್ ಊದಿದ್ದರೆ, ತುದಿಗೆ ತುಕ್ಕು ಹಿಡಿದಿದ್ದರೆ, ಹೊದಿಕೆ ಹರಿದಿದ್ದರೆ ಅದರ ಕೆಲಸ ಮುಗಿಯಿತು, ಇ-ತ್ಯಾಜ್ಯಕ್ಕೆ ಕೊಡಿ. ಚೆನ್ನಾಗಿ ಕಂಡರೆ ವೋಲ್ಟ್ ಅಳೆಯುವ ಮೀಟರ್ ಹಿಡಿಯಿರಿ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಆಸುಪಾಸು ಇರುತ್ತದೆ. ಎರಡು ತಿಂಗಳು ಟಾರ್ಚಿನೊಳಗೇ ಬಿಟ್ಟು 2.5ಕ್ಕಿಂತ ಕೆಳಗಿಳಿದಿದ್ದರೆ ಮತ್ತೆ ಚಾರ್ಜ್ ಮಾಡುವ ಆಸೆ ಬೇಡ.

ಇನ್ನು ಕಾಂಟ್ಯಾಕ್ಟ್. ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು, ತಿರುಪಿನ ಸುತ್ತ ಬಿಳಿ ಪುಡಿ ಇದೆಯೇ ನೋಡಿ. ಅಲ್ಯೂಮಿನಿಯಂ ಬಾಡಿಯ ಹೆಚ್ಚಿನ ಟಾರ್ಚುಗಳಲ್ಲಿ ಕರೆಂಟು ಹರಿಯುವುದು ಬಾಡಿಯ ಮೂಲಕವೇ, ಹಾಗಾಗಿ ಕೊಳವೆಯ ಬರಿಯ ಅಂಚು ಕೊಳೆಯಾದರೂ ಬೆಳಕು ಮಿಣುಕುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಹತ್ತಿ ಅದ್ದಿ ಒರೆಸಿ. ಹಠ ಹಿಡಿದ ಕಿಲುಬಿಗೆ ಪೆನ್ಸಿಲ್ ರಬ್ಬರ್ ಸಾಕು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ನೀರು ಆರಿದರೂ ಉಪ್ಪು ಅಲ್ಲೇ ಉಳಿದು ನಮ್ಮ ಕರಾವಳಿ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ.

ರಿಂಗನ್ನು ಸೂಜಿಯಿಂದ ಎಬ್ಬಿಸಬೇಡಿ, ಹಳೇ ಎಟಿಎಂ ಕಾರ್ಡಿನ ಮೂಲೆ ಸಾಕು. ಎರಡು ಬೆರಳ ನಡುವೆ ಸುತ್ತಲೂ ಹೊರಳಿಸಿ. ಒಂದು ಬದಿ ಚಪ್ಪಟೆ ಅನ್ನಿಸಿದರೆ ಅಥವಾ ಸಣ್ಣ ಬಿರುಕು ಬೆರಳಿಗೆ ತಾಗಿದರೆ ಬದಲಿಸಿ. ಒಳವ್ಯಾಸ, ದಪ್ಪ ಎರಡೂ ಹೊಂದಬೇಕು. 'ಹೆಚ್ಚುಕಡಿಮೆ ಇದೇ ಸೈಜು' ಎಂದು ಅಂಗಡಿಯವರು ಕೊಟ್ಟದ್ದು ಬೇಡ. ಸಿಲಿಕೋನ್ ಗ್ರೀಸ್ ಮಿರುಗುವಷ್ಟು ಮಾತ್ರ ಹಚ್ಚಿ, ಹೆಚ್ಚಾದರೆ ಮರಳು ಅಂಟುತ್ತದೆ. ರಿಂಗೇ ಸಿಲಿಕೋನಿನದ್ದಾದರೆ ಕಂಪನಿ ಹೇಳಿದ ಗ್ರೀಸನ್ನೇ ಬಳಸಬೇಕು. ಇಂಜಿನ್ ಗ್ರೀಸೂ ಬೇಡ, ತೆಂಗಿನೆಣ್ಣೆಯೂ ಬೇಡ.

ಆಮೇಲೆ ಸೆಲ್ ಇಲ್ಲದೆ, ಒಳಗೆ ಒಂದು ಟಿಶ್ಯೂ ಕಾಗದ ಸುರುಳಿ ಸುತ್ತಿಟ್ಟು ಮುಚ್ಚಿ, ಭಾರ ಕಟ್ಟಿ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ. ಬೆಳಿಗ್ಗೆ ಕಾಗದ ಗರಿಗರಿಯಾಗಿದ್ದು, ಸೆಲ್ ಹಾಕಿದ ಮೇಲೂ ಮಿಣುಕಿದರೆ ಆಗ ಹೊಸ ಸೆಲ್ ತನ್ನಿ. ಕಾಗದ ಒದ್ದೆಯಾಗಿದ್ದು ರಿಂಗೂ ಹೊಸದಾದರೆ ಗಾಜಿನ ಬದಿಯಲ್ಲೋ ಸ್ವಿಚ್ಚಿನಲ್ಲೋ ಸೋರುತ್ತಿದೆ. ಅದು ಮನೆಯ ರಿಪೇರಿಯಲ್ಲ.

ಕೇಳದಿದ್ದರೂ ಹೇಳುತ್ತೇನೆ: ಈ ಕೆಲಸಕ್ಕೆ ಒಂದೇ ಟಾರ್ಚ್ ನಂಬಿ ಇಳಿಯಬೇಡಿ, ಫ್ಯಾನಿನ ಕೆಳಗೆ ಇರುವಷ್ಟು ಹೊತ್ತು ಇಂಜಿನ್ ಕೀ ಬೋಟು ನಡೆಸುವ ತಾಂಡೇಲರ ಬಳಿಯಲ್ಲ, ನಿಮ್ಮವರ ಕೈಯಲ್ಲಿರಲಿ. ಮುಂದಿನ ಜೂನ್ 1ಕ್ಕೆ ಮೀನುಗಾರಿಕೆ ನಿಂತಾಗ ಸೆಲ್ಲನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದಿಟ್ಟು, ಮುಚ್ಚಳ ಸಡಿಲ ಬಿಡಿ.