ವಾರ್ಡ್ ಮುಚ್ಚುತ್ತಾರಂತೆ, ಕೌನ್ಸಿಲ್ ಕೇಳಬಾರದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಂದ, ಇಲ್ಲಿರುವ ಅವರ ಮನೆಯವರಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ವಿಷಯಕ್ಕೆ ಸೇರಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಒಂದು ವಾರ್ಡನ್ನೋ ಹೆರಿಗೆ ವಿಭಾಗವನ್ನೋ ಮುಚ್ಚಲು, ಬೇರೆ ಊರಿಗೆ ಸಾಗಿಸಲು ಹೊರಟಾಗ ಸ್ಥಳೀಯ ಕೌನ್ಸಿಲ್ ಏನು ಮಾಡಬಹುದು ಅನ್ನುವುದು ವಿಷಯ. ಉತ್ತರಗಳು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ವ್ಯವಸ್ಥೆ ಬೇರೆ.

ಪ್ರಶ್ನೆ: ನಮ್ಮ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡನ್ನು ರಾತ್ರಿ ಹೊತ್ತು ಮುಚ್ಚುತ್ತಾರಂತೆ. 'ಸದ್ಯಕ್ಕೆ ಮಾತ್ರ' ಅಂತ ನೋಟಿಸ್ ಹಾಕಿದ್ದಾರೆ. ನನ್ನ ಮಗನಿಗೆ ಉಬ್ಬಸ, ಅದು ಜೋರಾಗುವುದೇ ನಡುರಾತ್ರಿಯಲ್ಲಿ. ಕೌನ್ಸಿಲಿನ ಹೆಲ್ತ್ ಸ್ಕ್ರೂಟಿನಿ ಕಮಿಟಿಗೆ ಬರೆಯಿರಿ ಅಂತ ಪಕ್ಕದ ಮನೆಯವರು ಹೇಳಿದರು. ಕಸ ಎತ್ತುವ ಕೌನ್ಸಿಲಿಗೂ ಆಸ್ಪತ್ರೆಗೂ ಏನು ಸಂಬಂಧ? (ಉತ್ತರ ಇಂಗ್ಲೆಂಡಿನ ಒಬ್ಬ ಓದುಗರು)

ಉತ್ತರ: ಪಕ್ಕದ ಮನೆಯವರು ಸರಿಯಾಗೇ ಹೇಳಿದ್ದಾರೆ. ಬರೆಯಿರಿ, ಇವತ್ತೇ ಬರೆಯಿರಿ.

ಆಸ್ಪತ್ರೆ ಕೌನ್ಸಿಲಿನ ಕೈಕೆಳಗೆ ಇಲ್ಲ, ನಿಜ. ಆದರೆ 2001ರ ಕಾಯ್ದೆಯೊಂದು ಚುನಾಯಿತ ಕೌನ್ಸಿಲರ್‌ಗಳಿಗೆ ಸ್ಥಳೀಯ ಆರೋಗ್ಯ ಸೇವೆಯನ್ನು ಪ್ರಶ್ನೆ ಮಾಡುವ ಅಧಿಕಾರ ಕೊಟ್ಟಿತು. 2003ರ ಆರಂಭದಿಂದ ಅದು ಜಾರಿಯಲ್ಲಿದೆ. ಕಮಿಟಿಯಲ್ಲಿ ಕೂರುವವರು ಕೌನ್ಸಿಲಿನ ಆಡಳಿತ ನಡೆಸುವ ಕ್ಯಾಬಿನೆಟ್‌ನವರಲ್ಲ, ಉಳಿದ ಸದಸ್ಯರು. ಅವರು ಕರೆದರೆ ಎನ್‌ಎಚ್‌ಎಸ್ ಅಧಿಕಾರಿಗಳು ಬಂದು ಉತ್ತರಿಸಬೇಕು. ಮಾಹಿತಿ ಕೇಳಿದರೆ ಕೊಡಬೇಕು, ರೋಗಿಗಳ ಖಾಸಗಿ ವಿವರ ಮಾತ್ರ ಇಲ್ಲ. ಕಮಿಟಿ ಲಿಖಿತವಾಗಿ ಶಿಫಾರಸು ಮಾಡಿ ಉತ್ತರ ಕೇಳಿದರೆ 28 ದಿನದೊಳಗೆ ಬರೆದು ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಸೇವೆಯಲ್ಲಿ ದೊಡ್ಡ ಬದಲಾವಣೆ ಮಾಡುವ ಮುಂಚೆ ಈ ಕಮಿಟಿಯನ್ನು ಕೇಳಲೇಬೇಕು.

ದೊಡ್ಡ ಬದಲಾವಣೆ ಅಂದರೆ ಯಾವುದು? ಕಾನೂನು ಬಿಡಿಸಿ ಹೇಳಿಲ್ಲ. ಹಾಗಾಗಿ ಮೊದಲ ಜಗಳ ನಡೆಯುವುದೇ ಅಲ್ಲಿ. ಮಕ್ಕಳ ವಾರ್ಡ್ ರಾತ್ರಿ ಇಲ್ಲ ಅಂದರೆ ಅದು ದೊಡ್ಡದೇ ಅನ್ನುವುದು ನನ್ನ ಅಭಿಪ್ರಾಯ. ನೀವೂ ಪತ್ರದಲ್ಲಿ ಹಾಗೇ ಬರೆಯಿರಿ.

ಈಗ ಆ 'ಸದ್ಯಕ್ಕೆ ಮಾತ್ರ' ವಿಷಯಕ್ಕೆ ಬರೋಣ. ರೋಗಿಗಳ ಅಥವಾ ಸಿಬ್ಬಂದಿಯ ಸುರಕ್ಷತೆಗೋ ಕ್ಷೇಮಕ್ಕೋ ಅಪಾಯ ಇದ್ದು, ಕೇಳುತ್ತಾ ಕೂರಲು ಸಮಯ ಇಲ್ಲದಿದ್ದರೆ, ಮೊದಲು ಮುಚ್ಚಿ ಆಮೇಲೆ ಹೇಳಬಹುದು ಅಂತ ನಿಯಮದಲ್ಲೇ ಒಂದು ವಿನಾಯಿತಿ ಇದೆ. ಅದು ಬೇಕಾದ್ದೇ. ನರ್ಸ್ ಇಲ್ಲದ ವಾರ್ಡನ್ನು ತೆರೆದಿಟ್ಟು ಮಕ್ಕಳನ್ನು ಮಲಗಿಸಿ ಅಂತ ಯಾರೂ ಹೇಳಲಾರರು. ಆದರೆ ಆ ಹೆಸರಲ್ಲಿ ಒಮ್ಮೆ ಮುಚ್ಚಿದರೆ ಡಾಕ್ಟರುಗಳು ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಾರೆ, ಟ್ರೈನಿಗಳು ಬರುವುದು ನಿಲ್ಲುತ್ತದೆ, ಊರಿನವರೂ ದೂರದ ಆಸ್ಪತ್ರೆಗೇ ಹೊಂದಿಕೊಳ್ಳುತ್ತಾರೆ, ಒಂದೆರಡು ವರ್ಷ ಕಳೆದ ಮೇಲೆ 'ಇನ್ನು ತೆರೆಯಲು ಆಗುವುದಿಲ್ಲ' ಅನ್ನುವುದು ತಾನಾಗೇ ನಿಜ ಆಗಿಬಿಡುತ್ತದೆ. ಆದ್ದರಿಂದ ಕಮಿಟಿಯ ಮೂಲಕ ಕೇಳಿಸಬೇಕಾದ್ದು ಇಷ್ಟು. ಸಿಬ್ಬಂದಿ ಕೊರತೆ ನಿಮಗೆ ಯಾವಾಗ ಗೊತ್ತಾಯಿತು? ಎಷ್ಟು ಹುದ್ದೆಗೆ ಜಾಹೀರಾತು ಕೊಟ್ಟಿರಿ? ಮತ್ತೆ ಯಾವ ತಾರೀಕಿಗೆ ಪರಿಶೀಲನೆ? ತಾರೀಕು ಬರೆಸಿಕೊಳ್ಳದೆ ಬಿಡಬಾರದು.

ಕಸದ ವಿಷಯ ಎತ್ತಿದ್ದು ಒಳ್ಳೆಯದೇ ಆಯಿತು. ಕೆಲವು ಕಡೆ ಎರಡು ಹಂತದ ಕೌನ್ಸಿಲ್ ಇರುತ್ತವೆ. ಅಲ್ಲಿ ಕಸ ಎತ್ತುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ಆರೋಗ್ಯದ ಪರಿಶೀಲನೆ ಕೌಂಟಿ ಕೌನ್ಸಿಲಿನದು. ತಪ್ಪು ವಿಳಾಸಕ್ಕೆ ಬರೆದು ವಾರಗಟ್ಟಲೆ ಕಾಯಬೇಡಿ.

ಪ್ರಶ್ನೆ: ಮಗಳು ಬ್ಯಾನ್‌ಬರಿಯಲ್ಲಿದ್ದಾಳೆ, ಅವಳಿಗೀಗ ಐದು ತಿಂಗಳು. ಬಾಣಂತನಕ್ಕೆ ನಾನೇ ಹೋಗುತ್ತೇನೆ. ಊರಲ್ಲೇ ಆಸ್ಪತ್ರೆ ಇದ್ದರೂ ಹೆರಿಗೆಗೆ ಆಕ್ಸ್‌ಫರ್ಡಿಗೆ ಹೋಗಬೇಕಾಗಬಹುದು ಅನ್ನುತ್ತಾಳೆ. ಯಾಕೆ ಹೀಗೆ? ಆ ಊರಿನವರು ಯಾರೂ ಕೇಳಲಿಲ್ಲವಾ? (ಶಿವಮೊಗ್ಗದಿಂದ ಒಬ್ಬ ತಾಯಿ)

ಉತ್ತರ: ಕೇಳಿದರು ಅಮ್ಮಾ, ವರ್ಷಗಟ್ಟಲೆ ಕೇಳಿದರು. ಇಂಗ್ಲೆಂಡಿನಲ್ಲಿ ಇಷ್ಟು ಹಟ ಹಿಡಿದು ಕೇಳಿದ ಊರುಗಳು ಕಡಿಮೆ.

ಬ್ಯಾನ್‌ಬರಿಯಲ್ಲಿರುವುದು ಹಾರ್ಟನ್ ಆಸ್ಪತ್ರೆ. ದೊಡ್ಡ ಆಸ್ಪತ್ರೆ ಆಕ್ಸ್‌ಫರ್ಡಿನ ಜಾನ್ ರ‍್ಯಾಡ್‌ಕ್ಲಿಫ್, ಸುಮಾರು 40 ಕಿಲೋಮೀಟರ್ ದೂರ. 2006ರ ಹೊತ್ತಿಗೇ ಹಾರ್ಟನ್‌ನ ಹೆರಿಗೆ ಮತ್ತು ಮಕ್ಕಳ ವಿಭಾಗವನ್ನು ಕುಗ್ಗಿಸುವ ಪ್ರಸ್ತಾವ ಬಂದಿತ್ತು. ಆಕ್ಸ್‌ಫರ್ಡ್‌ಶೈರ್ ಕೌಂಟಿಯ ಪರಿಶೀಲನಾ ಸಮಿತಿ ಅದನ್ನು ಒಪ್ಪದೆ ಆರೋಗ್ಯ ಸಚಿವರಿಗೆ ಕಳಿಸಿತು. ಇಂಥ ತಕರಾರುಗಳನ್ನು ನೋಡಲೆಂದೇ ಒಂದು ಸ್ವತಂತ್ರ ತಜ್ಞರ ಸಮಿತಿ ಇದೆ. ಅದು 2008ರಲ್ಲಿ ಊರಿನವರ ಪರವಾಗಿ ಹೇಳಿತು, ಸೇವೆ ಉಳಿಯಿತು.

2016ರಲ್ಲಿ ಮತ್ತೆ ಬಂತು. ಈ ಸಲ ಕಾರಣ ಡಾಕ್ಟರುಗಳ ಕೊರತೆ. ಆ ವರ್ಷದ ಅಕ್ಟೋಬರಿನಿಂದ ಹೆರಿಗೆ ತಜ್ಞರ ವಿಭಾಗ ನಿಂತು, ಮಿಡ್‌ವೈಫ್‌ಗಳೇ (ಹೆರಿಗೆ ಮಾಡಿಸಲು ತರಬೇತಿ ಪಡೆದವರು, ಡಾಕ್ಟರುಗಳಲ್ಲ) ನಡೆಸುವ ಘಟಕ ಆಯಿತು. ತಾತ್ಕಾಲಿಕ ಅಂತಲೇ ಹೇಳಿದ್ದರು. ಮರುವರ್ಷ ಅದನ್ನೇ ಕಾಯಂ ಮಾಡಲು ಹೊರಟಾಗ ಕೌಂಟಿಯ ಸಮಿತಿ ಮತ್ತೆ ಸಚಿವರಿಗೆ ಕಳಿಸಿತು. ಬ್ಯಾನ್‌ಬರಿ ಸುತ್ತಲಿನ ಕೌನ್ಸಿಲ್‌ಗಳು ಕೋರ್ಟಿಗೂ ಹೋದವು. ಕೋರ್ಟಿನಲ್ಲಿ ಸೋತರು. ಆದರೆ ತಜ್ಞರ ಸಮಿತಿ 2018ರಲ್ಲಿ, ಇನ್ನೂ ಕೆಲಸ ಮಾಡಿ ಬನ್ನಿ ಅಂತ ಹೇಳಿ ಕಳಿಸಿತು. ಹಾರ್ಟನ್‌ಗೆ ಬರುವ ಹೆಂಗಸರು ಆಕ್ಸ್‌ಫರ್ಡ್‌ಶೈರಿನವರು ಮಾತ್ರ ಅಲ್ಲ, ಪಕ್ಕದ ನಾರ್ಥಾಂಪ್ಟನ್‌ಶೈರ್, ವಾರ್ವಿಕ್‌ಶೈರ್‌ನವರೂ ಬರುತ್ತಾರೆ. ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಮೂರೂ ಕೌಂಟಿ ಸೇರಿ ಜಂಟಿ ಸಮಿತಿ ಮಾಡಿದರು. ಅಷ್ಟೆಲ್ಲ ಆಗಿಯೂ 2019ರ ಸೆಪ್ಟೆಂಬರಿನಲ್ಲಿ ಎನ್‌ಎಚ್‌ಎಸ್‌ನವರು ತಜ್ಞರ ವಿಭಾಗವನ್ನು ಸದ್ಯಕ್ಕೆ ಮತ್ತೆ ತೆರೆಯುವುದಿಲ್ಲ ಅಂತಲೇ ತೀರ್ಮಾನಿಸಿದರು.

ನನಗೆ ಇದರಲ್ಲಿ ಬೇಜಾರಾಗುವುದು ಸೋಲಿಗಲ್ಲ. 2016ರಲ್ಲಿ ಆ ಕೊರತೆ ಒಂದೇ ರಾತ್ರಿಯಲ್ಲಿ ಬಂದಿದ್ದಲ್ಲ. ಇನ್ನೂ ಒಂದಿಷ್ಟು ಮೊದಲೇ ಅದನ್ನು ಸಾರ್ವಜನಿಕವಾಗಿ ಮೇಜಿನ ಮೇಲೆ ಇಟ್ಟಿದ್ದರೆ, ನೇಮಕಾತಿಗೆ ಬೇರೆ ದಾರಿ ಹುಡುಕುವುದಕ್ಕಾದರೂ ಸಮಯ ಇರುತ್ತಿತ್ತು.

ನಿಮ್ಮ ಮಗಳ ವಿಷಯ. ಸಿಸೇರಿಯನ್ ಬೇಕಾದರೆ, ಬೇರೆ ತೊಡಕಿದ್ದರೆ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ. ಎಲ್ಲ ಸರಿಯಾಗಿರುವ ಬಸುರಿಗೆ ಮಿಡ್‌ವೈಫ್ ಘಟಕವೂ ಒಳ್ಳೆಯ ಜಾಗವೇ, ಭಯ ಬೇಡ. ಮಧ್ಯದಲ್ಲಿ ಆಕ್ಸ್‌ಫರ್ಡಿಗೆ ಸಾಗಿಸಬೇಕಾದರೆ ಆ್ಯಂಬುಲೆನ್ಸ್ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು, ಜೊತೆಗೆ ಯಾರು ಹೋಗಬಹುದು ಅಂತ ಅವಳ ಮಿಡ್‌ವೈಫನ್ನು ಈಗಲೇ ಕೇಳಲು ಹೇಳಿ. ನೀವು ಹೋಗುವಷ್ಟರಲ್ಲಿ ನಿಮಗೂ ಅದು ಗೊತ್ತಿರಲಿ.

ಪ್ರಶ್ನೆ: ನೇರವಾಗಿ ಹೇಳಿ, ಈ ಕಮಿಟಿಗೆ ತಡೆಯುವ ಅಧಿಕಾರ ಇದೆಯೋ ಇಲ್ಲವೋ? (ರೆಡಿಂಗ್‌ನಿಂದ)

ಉತ್ತರ: ಇಲ್ಲ. ಮೊದಲೂ ಇರಲಿಲ್ಲ. ಆದರೆ ವಿಷಯವನ್ನು ಸಚಿವರ ಮುಂದೆ ಅಧಿಕೃತವಾಗಿ ಕಳಿಸುವ ಅಧಿಕಾರ ಇತ್ತು. ಬ್ಯಾನ್‌ಬರಿಯಲ್ಲಿ ಬಳಸಿದ್ದು ಅದನ್ನೇ. 2022ರ ಕಾಯ್ದೆಯ ಪ್ರಕಾರ 2024ರ ಜನವರಿ 31ರಿಂದ ಅದು ಹೋಯಿತು. ಈಗ ಸಚಿವರೇ ಯಾವ ಪ್ರಸ್ತಾವವನ್ನು ಬೇಕಾದರೂ ತಮ್ಮ ಕೈಗೆ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಿ ಅಂತ ಯಾರು ಬೇಕಾದರೂ ಬರೆಯಬಹುದು, ನೀವೂ ಬರೆಯಬಹುದು, ಕಮಿಟಿಯೂ ಬರೆಯಬಹುದು. ಆದರೆ ಮೊದಲು ಊರಿನಲ್ಲೇ ಬಗೆಹರಿಸಲು ನೋಡಿದ್ದೀರಾ ಅಂತ ಕೇಳುತ್ತಾರೆ. ಕಮಿಟಿ ಸಭೆಯ ನಡಾವಳಿಯಲ್ಲಿ ನಿಮ್ಮ ಪ್ರಶ್ನೆ, ಅವರ ಉತ್ತರ ದಾಖಲಾಗಿದ್ದರೆ ಅದೇ ಸಾಕ್ಷಿ.

ಇದನ್ನು ನಾನು ಒಳ್ಳೆಯ ಬದಲಾವಣೆ ಅಂತ ಒಪ್ಪುವುದಿಲ್ಲ. ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟಿದ್ದೇವೆ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಚುನಾಯಿತ ಸಮಿತಿ ಕಳಿಸಿದ ಕಡತಕ್ಕೆ ಇದ್ದ ತೂಕ ಒಬ್ಬೊಬ್ಬರೇ ಬರೆದ ಪತ್ರಕ್ಕೆ ಬರುವುದಿಲ್ಲ.

ಕೋರ್ಟಿನ ದಾರಿಯೂ ಇದೆ. ದಕ್ಷಿಣ ಲಂಡನ್ನಿನ ಲೂಯಿಶಮ್ ಆಸ್ಪತ್ರೆಯ ತುರ್ತು ಚಿಕಿತ್ಸೆ, ಹೆರಿಗೆ ವಿಭಾಗಗಳನ್ನು ಕುಗ್ಗಿಸಲು 2013ರ ಜನವರಿಯಲ್ಲಿ ಆಗಿನ ಆರೋಗ್ಯ ಸಚಿವ ಜೆರೆಮಿ ಹಂಟ್ ತೀರ್ಮಾನಿಸಿದರು. ಪಕ್ಕದ ಇನ್ನೊಂದು ಆಸ್ಪತ್ರೆ ಟ್ರಸ್ಟ್ ಸಾಲದಲ್ಲಿ ಮುಳುಗಿತ್ತು, ಅದನ್ನು ಸರಿಮಾಡಲು ಚೆನ್ನಾಗಿ ನಡೆಯುತ್ತಿದ್ದ ಇದರ ಮೇಲೆ ಕೈ ಹಾಕಿದರು. ಲೂಯಿಶಮ್ ಕೌನ್ಸಿಲ್ ಮತ್ತು ಊರಿನ ಹೋರಾಟಗಾರರು ಹೈಕೋರ್ಟಿಗೆ ಹೋದರು, ಜುಲೈನಲ್ಲಿ ಗೆದ್ದರು. ಅಕ್ಟೋಬರಿನಲ್ಲಿ ಸಚಿವರ ಮೇಲ್ಮನವಿಯೂ ಬಿದ್ದುಹೋಯಿತು. ಆದರೆ ಕೋರ್ಟ್ ನೋಡುವುದು ಕಾನೂನು ಮೀರಿದ್ದಾರಾ ಅಂತ ಮಾತ್ರ, ತೀರ್ಮಾನ ಒಳ್ಳೆಯದಾ ಅಂತಲ್ಲ.

ಪ್ರಶ್ನೆ: ನಾನು ಎನ್‌ಎಚ್‌ಎಸ್‌ನಲ್ಲಿ ಕನ್ಸಲ್ಟಂಟ್. ಸಣ್ಣ ಘಟಕಗಳನ್ನು ಒಂದು ಕಡೆ ಸೇರಿಸಿದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ಕೌನ್ಸಿಲರ್‌ಗಳು ವೋಟಿಗಾಗಿ ಎಲ್ಲವನ್ನೂ ವಿರೋಧಿಸುತ್ತಾರೆ. ವೈದ್ಯಕೀಯ ವಿಷಯ ಅವರಿಗೇನು ಗೊತ್ತು? (ಮೈಸೂರು ಮೂಲದ ವೈದ್ಯರು)

ಉತ್ತರ: ಡಾಕ್ಟ್ರೇ, ಮೊದಲ ಮಾತು ಪೂರ್ತಿ ಒಪ್ಪುತ್ತೇನೆ. ಲಂಡನ್ನಿನಲ್ಲಿ ಪಾರ್ಶ್ವವಾಯು ಆದವರನ್ನು ಸುಮಾರು 30 ಆಸ್ಪತ್ರೆಗಳಿಗೆ ಒಯ್ಯುತ್ತಿದ್ದರು. 2010ರಲ್ಲಿ ಮೊದಲ ಗಂಟೆಗಳ ಚಿಕಿತ್ಸೆಯನ್ನು 8 ವಿಶೇಷ ಘಟಕಗಳಿಗೆ ಸೇರಿಸಿದರು. ಸಾವು ಕಡಿಮೆಯಾಯಿತು. ಹತ್ತಿರದ ಆಸ್ಪತ್ರೆ ದಾಟಿ ಆ್ಯಂಬುಲೆನ್ಸ್ ಮುಂದೆ ಹೋದರೆ ಮನೆಯವರಿಗೆ ಜೀವ ಬಾಯಿಗೆ ಬಂದಂತಾಗುತ್ತದೆ, ಆದರೂ ಅದೇ ಸರಿ.

ಎರಡನೆಯ ಮಾತು ಒಪ್ಪಲಾರೆ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ವಿಷಯ ನಿಮಗೆ ನೆನಪಿರಬಹುದು. 2012ರ ಜುಲೈನಲ್ಲಿ ಇಂಗ್ಲೆಂಡಿನ ಕೇಂದ್ರಗಳನ್ನು 7ಕ್ಕೆ ಇಳಿಸುವ ತೀರ್ಮಾನ ಆಯಿತು. ಲೀಡ್ಸ್, ಲೆಸ್ಟರ್, ಲಂಡನ್ನಿನ ರಾಯಲ್ ಬ್ರಾಂಪ್ಟನ್‌ಗಳಲ್ಲಿ ಶಸ್ತ್ರಚಿಕಿತ್ಸೆ ನಿಲ್ಲಬೇಕಿತ್ತು. ಆ ತೀರ್ಮಾನದ ಬೆನ್ನಿಗೆ ದೊಡ್ಡ ದೊಡ್ಡ ವೈದ್ಯರಿದ್ದರು, ತತ್ವವೂ ಸರಿಯಾಗಿತ್ತು. ಲೀಡ್ಸ್ ಇರುವ ಯಾರ್ಕ್‌ಶೈರ್ ಭಾಗದ ಕೌನ್ಸಿಲ್‌ಗಳ ಜಂಟಿ ಪರಿಶೀಲನಾ ಸಮಿತಿ ಕೇಳಿದ್ದು ವೈದ್ಯಕೀಯವನ್ನಲ್ಲ. ಕೇಂದ್ರಗಳಿಗೆ ಅಂಕ ಹಾಕಿದ್ದು ಹೇಗೆ, ಅದನ್ನು ನಮಗೆ ಯಾಕೆ ತೋರಿಸುವುದಿಲ್ಲ, ಇಲ್ಲಿನ ಮಕ್ಕಳು ನಿಜಕ್ಕೂ ಯಾವ ಊರಿಗೆ ಹೋಗುತ್ತಾರೆ, ಇಂಥ ಪ್ರಶ್ನೆಗಳು. ವಿಷಯ ಸಚಿವರಿಗೆ ಹೋಯಿತು. ಸಮಾಲೋಚನೆ ನ್ಯಾಯವಾಗಿರಲಿಲ್ಲ ಅಂತ 2013ರ ಮಾರ್ಚಿನಲ್ಲಿ ಹೈಕೋರ್ಟ್ ಕೂಡ ಹೇಳಿತು. ಜೂನಿನಲ್ಲಿ ತಜ್ಞರ ಸಮಿತಿಯ ವರದಿ ಒಪ್ಪಿಕೊಂಡು ಸಚಿವರು ಇಡೀ ಪ್ರಕ್ರಿಯೆಯನ್ನೇ ನಿಲ್ಲಿಸಿದರು. ಲೀಡ್ಸ್‌ನಲ್ಲಿ ಇವತ್ತಿಗೂ ಮಕ್ಕಳ ಹೃದಯದ ಆಪರೇಷನ್ ನಡೆಯುತ್ತಿದೆ.

ಅಂದರೆ ಲೆಕ್ಕ ತೋರಿಸಿ ಅನ್ನುವುದಕ್ಕೆ ಎಂಬಿಬಿಎಸ್ ಬೇಕಿಲ್ಲ. ನಿಮ್ಮ ಹತ್ತಿರ ಪುರಾವೆ ಗಟ್ಟಿ ಇದ್ದರೆ ಸಮಿತಿಯ ಮುಂದೆ ಬಂದು ಹೇಳಿ, ನಿಮ್ಮಂಥವರು ಖುದ್ದಾಗಿ ಬಂದು ಹೇಳಿದರೆ ಜನ ಕೇಳುತ್ತಾರೆ. ಬಣ್ಣಬಣ್ಣದ ಪುಸ್ತಕ ಹಿಡಿದ ಮ್ಯಾನೇಜರನ್ನು ಕಳಿಸಿದಾಗಲೇ ಅನುಮಾನ ಜಾಸ್ತಿಯಾಗುವುದು.

ಪ್ರಶ್ನೆ: ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಅಷ್ಟು ಅನಾಹುತ ಆಗುವಾಗ ಈ ಕಮಿಟಿಗಳು ಎಲ್ಲಿದ್ದವು? (ಬರ್ಮಿಂಗ್‌ಹ್ಯಾಮ್‌ನಿಂದ)

ಉತ್ತರ: ಇದ್ದವು, ಸಭೆಯೂ ಸೇರುತ್ತಿದ್ದವು. ಆಸ್ಪತ್ರೆಯವರು ಬಂದು ಎಲ್ಲ ಚೆನ್ನಾಗಿದೆ ಅಂದರು, ಇವರು ಒಪ್ಪಿಕೊಂಡರು. ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಕಡೆಗಣಿಸಿದ್ದರ ಬಗ್ಗೆ ವಕೀಲ ರಾಬರ್ಟ್ ಫ್ರಾನ್ಸಿಸ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 2013ರ ಫೆಬ್ರವರಿಯಲ್ಲಿ ಬಂತು. ಸ್ಥಳೀಯ ಪರಿಶೀಲನಾ ಸಮಿತಿಗಳು ಗಟ್ಟಿಯಾಗಿ ಪ್ರಶ್ನಿಸಲಿಲ್ಲ, ಎಚ್ಚರಿಕೆಯ ಗುರುತುಗಳನ್ನು ಹಿಡಿಯಲಿಲ್ಲ ಅಂತ ಅದರಲ್ಲಿ ಟೀಕೆ ಇದೆ. ಬೆಲ್ ಒತ್ತಿದರೂ ಯಾರೂ ಬರುತ್ತಿರಲಿಲ್ಲ, ನೀರು ಕೈಗೆ ಎಟುಕುತ್ತಿರಲಿಲ್ಲ, ಒದ್ದೆ ಹಾಸಿಗೆಯಲ್ಲೇ ಮಲಗಿಸಿದ್ದರು ಅಂತ ರೋಗಿಗಳ ಮನೆಯವರು ವರ್ಷಗಟ್ಟಲೆ ಹೇಳುತ್ತಿದ್ದರು. ಅಧಿಕಾರಿಗಳ ಜೊತೆಗೆ ಅವರನ್ನೂ ಕೂರಿಸಿ ಕೇಳಿದ್ದರೆ ಎಷ್ಟೋ ಮೊದಲೇ ಗೊತ್ತಾಗುತ್ತಿತ್ತು. ಇದಕ್ಕೆ ಯಾವ ಸಮರ್ಥನೆಯೂ ನನ್ನಲ್ಲಿಲ್ಲ.

ಪ್ರಶ್ನೆ: ನಮ್ಮ ಜಿಲ್ಲಾ ಪಂಚಾಯಿತಿಯಲ್ಲೂ ಇಂಥದ್ದು ಇದೆಯಲ್ಲ? (ಹಾಸನದಿಂದ)

ಉತ್ತರ: ಕಾಯ್ದೆಯಲ್ಲಿ ಇದೆ, ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅಂತ. ಆದರೆ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಸದಸ್ಯರೇ ಇಲ್ಲದ ಮೇಲೆ ಸಮಿತಿ ಎಲ್ಲಿಂದ ಬರಬೇಕು? ಇದಕ್ಕೆ ಬೇರೆಯದೇ ಅಂಕಣ ಬೇಕು.

ಪ್ರಶ್ನೆ: ನಾನು ಕೆಲಸದ ವೀಸಾದಲ್ಲಿದ್ದೇನೆ. ಸಭೆಗೆ ಹೋಗಿ ಮಾತಾಡಬಹುದಾ? ಹೋದರೆ ಏನು ಹೇಳಲಿ? (ಮಿಲ್ಟನ್ ಕೀನ್ಸ್‌ನಿಂದ)

ಉತ್ತರ: ಖಂಡಿತ ಹೋಗಬಹುದು. ಸಭೆ ಎಲ್ಲರಿಗೂ ತೆರೆದಿರುತ್ತದೆ, ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯ, ಬಹಳ ಜನಕ್ಕೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಭಾರತೀಯರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಆ ಕೌನ್ಸಿಲರ್ ನಿಮಗೂ ಉತ್ತರ ಹೇಳಬೇಕಾದವರೇ.

ಸಭೆಯ ಅಜೆಂಡಾ ಮತ್ತು ಕಾಗದಪತ್ರ ಐದು ಕೆಲಸದ ದಿನ ಮೊದಲೇ ಕೌನ್ಸಿಲಿನ ವೆಬ್‌ಸೈಟಿನಲ್ಲಿ ಬರುತ್ತವೆ. ಎನ್‌ಎಚ್‌ಎಸ್‌ನ ವರದಿ ಉದ್ದ ಇರುತ್ತದೆ, ಮೊದಲ ಪುಟಗಳ ಒಳ್ಳೆಯ ಮಾತು ಬಿಟ್ಟು ಕೊನೆಯ ಅನುಬಂಧ ನೋಡಿ. ಪ್ರಯಾಣದ ಲೆಕ್ಕ, ಹಾಸಿಗೆಯ ಲೆಕ್ಕ ಅಲ್ಲಿರುತ್ತದೆ. ಹಾಸಿಗೆ ಕಡಿಮೆ ಮಾಡುವ ಪ್ರಸ್ತಾವವಾದರೆ, ಬದಲಿ ವ್ಯವಸ್ಥೆ ಮೊದಲೇ ಇದೆ ಅಂತಲೋ, ಅಷ್ಟು ಹಾಸಿಗೆ ಇನ್ನು ಬೇಕಾಗುವುದಿಲ್ಲ ಅಂತಲೋ ತೋರಿಸಬೇಕು ಅನ್ನುವ ಪರೀಕ್ಷೆಯನ್ನು 2017ರಿಂದ ಎನ್‌ಎಚ್‌ಎಸ್ ತಾನೇ ಇಟ್ಟುಕೊಂಡಿದೆ, ಅದರಲ್ಲಿ ಪಾಸಾಗಿದೆಯಾ ಅಂತ ನೇರವಾಗಿ ಕೇಳಿ. ಮಾತಾಡಬೇಕಾದರೆ ಮೊದಲೇ ಹೆಸರು ಕೊಡಬೇಕು. ನಿಯಮ ಒಂದೊಂದು ಕೌನ್ಸಿಲಿಗೆ ಒಂದೊಂದು ಥರ, ಕ್ಲರ್ಕಿಗೆ ಒಂದು ಇಮೇಲ್ ಹಾಕಿದರೆ ಹೇಳುತ್ತಾರೆ.

ಸಮಯ ಕೆಲವೇ ನಿಮಿಷ ಇರುತ್ತದೆ. ಎನ್‌ಎಚ್‌ಎಸ್ ನಮ್ಮ ಹೆಮ್ಮೆ ಅಂತ ಶುರು ಮಾಡಿದರೆ ಅಲ್ಲೇ ಮುಗಿದುಹೋಗುತ್ತದೆ. ನಿಮ್ಮದೇ ಒಂದು ವಿಷಯ ಹೇಳಿ. ವರದಿಯಲ್ಲಿ 35 ನಿಮಿಷ ಅಂತಿದೆ, ಅದು ಕಾರಿನಲ್ಲಿ, ನನ್ನ ಹತ್ತಿರ ಕಾರಿಲ್ಲ, ಭಾನುವಾರ ರಾತ್ರಿ ಬಸ್ಸಿಲ್ಲ, ಇಬ್ಬರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ನಾನು ಹೇಗೆ ಬರಲಿ, ಹೀಗೆ. ಆಮೇಲೆ ಒಂದೇ ಒಂದು ಪ್ರಶ್ನೆ ಇಡಿ, ಅದಕ್ಕೆ ಬರೆದ ಉತ್ತರ ಬೇಕು ಅಂತ ಅಧ್ಯಕ್ಷರಿಗೆ ಹೇಳಿ. ಬರೆದುಕೊಂಡ ಹಾಳೆಯ ಒಂದು ಪ್ರತಿಯನ್ನು ಕ್ಲರ್ಕಿಗೆ ಕೊಟ್ಟು ಬನ್ನಿ.