ನಾಕ್ ಸೆನ್ಸರ್‌ಗೆ ಮತ್ತೆ ದುಡ್ಡು ಸುರಿಯುವ ಮುನ್ನ

ಪ್ರಶ್ನೆ: ಏರು ರಸ್ತೆಯಲ್ಲಿ ಪೆಟ್ರೋಲ್ ಕಾರು ಎಳೆಯುತ್ತಿಲ್ಲ. ಸ್ಕ್ಯಾನರ್‌ನಲ್ಲಿ ಇಗ್ನಿಷನ್ ಟೈಮಿಂಗ್ 7 ಡಿಗ್ರಿ ರಿಟಾರ್ಡ್ (ಕಿಡಿ ತಡ) ಎಂದು ಕಾಣುತ್ತದೆ. ನಾಕ್ ಸೆನ್ಸರ್ ಎರಡು ಸಲ ಬದಲಿಸಿದೆ. ಮೂರನೆಯದು ಯಾವ ಕಂಪನಿಯದು ಹಾಕಲಿ?

ಉತ್ತರ: ಯಾವುದೂ ಬೇಡ. ನಾಕ್ ಎಂದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಸಿಲಿಂಡರ್‌ನಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು; ಆ ಸದ್ದನ್ನು ಆಲಿಸುವುದೇ ನಾಕ್ ಸೆನ್ಸರ್‌ನ ಕೆಲಸ. ಇದೇ ಪತ್ರ, ಕಾರಿನ ಹೆಸರಷ್ಟೇ ಬೇರೆ, ಮತ್ತೆ ಮತ್ತೆ ಬರುತ್ತದೆ. ಸೆನ್ಸರ್ ಅಥವಾ ಅದರ ವೈರ್ ಸತ್ತಿದ್ದರೆ ಸಾಮಾನ್ಯವಾಗಿ ಪಿ0325, ಪಿ0327ರಂಥ ದೋಷದ ಕೋಡ್ ಬೀಳುತ್ತದೆ. ನಿಮ್ಮ ಪತ್ರದಲ್ಲಿ ಕೋಡ್‌ನ ಸುದ್ದಿಯೇ ಇಲ್ಲ. ಹಾಗಾದರೆ ಸೆನ್ಸರ್‌ಗೆ ಏನೋ ಕೇಳಿಸಿದೆ, ಅದನ್ನು ನಂಬಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯನ್ನು ತಡ ಮಾಡಿದೆ. ಹುಡುಕಬೇಕಾದದ್ದು ಆ ಸದ್ದನ್ನು.

ಟಿಡಿಸಿ (ಪಿಸ್ಟನ್ ತುತ್ತತುದಿ ತಲುಪುವ ಬಿಂದು) ದಾಟಿದ ಮೇಲೆ ಒಂದು ನಿಗದಿತ ಅವಧಿಯಲ್ಲಿ ಮಾತ್ರ ಇಸಿಯು ಕಿವಿಗೊಡುತ್ತದೆ. ಅದೂ ನಾಕ್‌ನ ಶ್ರುತಿಗೆ ಮಾತ್ರ: 86 ಮಿ.ಮೀ. ಬೋರ್‌ನ (ಸಿಲಿಂಡರ್‌ನ ಒಳವ್ಯಾಸ) ಎಂಜಿನ್‌ನಲ್ಲಿ ಸುಮಾರು 6.5 ಕಿಲೋಹರ್ಟ್ಸ್, ಬೋರ್ ಕಿರಿದಾದಷ್ಟೂ ಹೆಚ್ಚು. ಆ ಸಿಲಿಂಡರ್‌ನ ಎಂದಿನ ಗದ್ದಲಕ್ಕಿಂತ ಸದ್ದು ಜೋರಾಯಿತೋ, ಕಿಡಿಯನ್ನು ಒಮ್ಮೆಲೇ 2-3 ಡಿಗ್ರಿ ಹಿಂದೆ ತಳ್ಳುತ್ತದೆ. ಸದ್ದು ಅಡಗಿದರೆ ಅರ್ಧರ್ಧ ಡಿಗ್ರಿಯಂತೆ ಮೆಲ್ಲಗೆ ಮುಂದೆ ತರುತ್ತದೆ. ಅಂಕಿ ಹೀಗೆ ಏರಿಳಿಯುವುದು ಆರೋಗ್ಯದ ಲಕ್ಷಣ. ಏಳಕ್ಕೇರಿ ಅಲ್ಲೇ ಕೂತರೆ ಮಾತ್ರ ಚಿಂತೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 3000 ಆರ್‌ಪಿಎಂಗೆ ಏರಿಸಿ. ಭಾರವಿಲ್ಲದ ಎಂಜಿನ್ ನಾಕ್ ಆಗುವುದು ತೀರಾ ಅಪರೂಪ. ಅಲ್ಲೂ ರಿಟಾರ್ಡ್ ಕಂಡರೆ ಅದು ಸುಳ್ಳು ಸದ್ದು: ಸಡಿಲ ಬ್ರಾಕೆಟ್, ಬಡಿಯುವ ಹೀಟ್ ಶೀಲ್ಡ್, ಸವೆದ ಬೆಲ್ಟ್ ಟೆನ್ಷನರ್, ಕಟಕಟ ಎನ್ನುವ ಟ್ಯಾಪೆಟ್. ಕಾಣದಿದ್ದರೆ ಟ್ಯಾಂಕ್ ಬಹುತೇಕ ಬರಿದಾಗಲು ಬಿಟ್ಟು, 91 ಆಕ್ಟೇನ್ (ಪೆಟ್ರೋಲ್‌ನ ನಾಕ್ ತಡೆಯುವ ಶಕ್ತಿಯ ಅಳತೆ) ಹಾಕುತ್ತಿದ್ದಲ್ಲಿ 95 ತುಂಬಿಸಿ, ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿ. ಮೊದಲ ಏರಿಗೇ ತೀರ್ಪು ಕೊಡಬೇಡಿ, ಇಸಿಯು ಕಲಿತದ್ದನ್ನು ಮರೆಯಲು ಸಮಯ ಬೇಕು. ರಿಟಾರ್ಡ್ ಇಳಿದರೆ ನಾಕ್ ನಿಜ. ಕದಲದಿದ್ದರೆ ಮತ್ತೆ ಸುಳ್ಳು ಸದ್ದಿನ ಬೆನ್ನು ಹತ್ತಿ.

ನಾಕ್ ನಿಜವೆಂದಾದರೆ ಸಿಲಿಂಡರ್‌ವಾರು ಅಂಕಿ ನೋಡಿ. ಒಂದರಲ್ಲೇ ಹೆಚ್ಚಿದ್ದರೆ ಅಲ್ಲಿನ ಇಂಜೆಕ್ಟರ್ ಕಟ್ಟಿರಬಹುದು, ಕಾರ್ಬನ್ ಕೂತಿರಬಹುದು, ಯಾರೋ ತಪ್ಪು ಹೀಟ್ ರೇಂಜ್‌ನ (ಶಾಖ ಹೊರಹಾಕುವ ಸಾಮರ್ಥ್ಯದ) ಪ್ಲಗ್ ಹಾಕಿರಬಹುದು. ಎಲ್ಲದರಲ್ಲೂ ಇದ್ದರೆ ಕೂಲೆಂಟ್ ತಾಪ, ಒಳಹೋಗುವ ಗಾಳಿಯ ತಾಪ, ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಪಿಸಿವಿ (ಕ್ರ್ಯಾಂಕ್‌ಕೇಸ್‌ನ ಆವಿಯನ್ನು ಮತ್ತೆ ಎಂಜಿನ್ನೊಳಗೆ ಕಳಿಸುವ ವಾಲ್ವ್) ಮೂಲಕ ಸೇರುವ ಆಯಿಲ್ ಹನಿ, ಈ ನಾಲ್ಕನ್ನು ಪರೀಕ್ಷಿಸಿ. ಆಯಿಲ್ ಸೇರಿದ ಮಿಶ್ರಣಕ್ಕೆ ನಾಕ್ ತಡೆಯುವ ಶಕ್ತಿ ತಗ್ಗುತ್ತದೆ. ಈ ಕಾರಣವನ್ನು ಬಹಳ ಮಂದಿ ನೋಡುವುದೇ ಇಲ್ಲ.

ಎರಡು ಸಲ ಬಿಚ್ಚಿ ಹಾಕಿದ್ದೀರಿ, ಆದ್ದರಿಂದ ಇದನ್ನೂ ನೋಡಿ: ಸೆನ್ಸರ್ ಕೂರುವ ಜಾಗ ಬರಿಯ ಲೋಹವಾಗಿರಬೇಕು. ವಾಷರ್, ಬಣ್ಣ, ಸೀಲೆಂಟ್ ಯಾವುದೂ ನಡುವೆ ಬರಕೂಡದು. ನಡುವೆ ತೂತಿರುವ ಚಪ್ಪಟೆ ಸೆನ್ಸರ್‌ಗಳ ಬೋಲ್ಟ್ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು, ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನದು. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದರೆ ಅದು ಕೇಳಿಸಿಕೊಳ್ಳುವ ರೀತಿಯೇ ಬದಲಾಗುತ್ತದೆ. ನೆಲಕ್ಕೆ ಬಿದ್ದ ಸೆನ್ಸರ್ ಹಾಕಲೇಬೇಡಿ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಳಗಿನ ಪೀಜೋ ಸೆರಾಮಿಕ್ ಬಿರುಕು ಬಿಟ್ಟಿರಬಹುದು.

ಪ್ರಶ್ನೆ: ಸೆನ್ಸರ್ ವೈರ್ ಕಿತ್ತು ರೆಸಿಸ್ಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ?

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಚಿಕಿತ್ಸೆ. ಇಸಿಯುಗೆ ಮೋಸ ಗೊತ್ತಾದರೆ ಟೈಮಿಂಗ್ ಇನ್ನೂ ಹಿಂದೆ ಹೋಗುತ್ತದೆ. ಗೊತ್ತಾಗದಿದ್ದರೆ ನಾಕ್ ತಡೆಯುವವರೇ ಇಲ್ಲದೆ ಪಿಸ್ಟನ್‌ನ ರಿಂಗ್ ಕೂರುವ ಅಂಚು ಒಡೆಯುತ್ತದೆ. ಹೀಗೆ ಮಾಡಿಕೊಡುವವರ ಕೈಗೆ ಕಾರು ಕೊಡಬೇಡಿ.

ಪ್ರಶ್ನೆ: ಆಕ್ಟೇನ್ ಬೂಸ್ಟರ್ ಬಾಟಲಿ ಮೇಲೆ 30 ಪಾಯಿಂಟ್ ಎಂದಿದೆ, ಹಾಕಲೇ?

ಉತ್ತರ: ಇಂಥ ಲೇಬಲ್‌ಗಳಲ್ಲಿ ಸಾಮಾನ್ಯವಾಗಿ 10 ಪಾಯಿಂಟ್ ಎಂದರೆ 1 ಆಕ್ಟೇನ್. ಲೆಕ್ಕ ನೀವೇ ಹಾಕಿ.

ಪ್ರಶ್ನೆ: ಟರ್ಬೊ ಕಾರು, 1500 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದರೆ ಆಗೊಮ್ಮೆ ಈಗೊಮ್ಮೆ ಢಬ್ ಎನ್ನುತ್ತದೆ. ಟೈಮಿಂಗ್ ಇನ್ನಷ್ಟು ಹಿಂದೆ ಹಾಕಿಸಲೇ?

ಉತ್ತರ: ಕಿಡಿ ಹಾರುವ ಮೊದಲೇ ಹೊತ್ತಿಕೊಳ್ಳುವ ಪ್ರೀ-ಇಗ್ನಿಷನ್ ಇರಬೇಕು. ಅದಕ್ಕೆ ಕಿಡಿ ತಡ ಮಾಡಿ ಉಪಯೋಗವಿಲ್ಲ. ಗೇರ್ ಇಳಿಸಿ ಓಡಿಸಿ, ತಯಾರಕರು ಒಪ್ಪುವ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಹಾಕಿಸಿ. ಇದನ್ನು ಮುಂದೂಡಬೇಡಿ, ಒಂದೇ ಜೋರು ಹೊಡೆತಕ್ಕೆ ಪಿಸ್ಟನ್ ಒಡೆದೀತು.

ಪ್ರಶ್ನೆ: ಡೀಸೆಲ್ ಕಾರಿನ ಇಗ್ನಿಷನ್ ಟೈಮಿಂಗ್ ನೋಡುವುದು ಹೇಗೆ?

ಉತ್ತರ: ಅದರಲ್ಲಿ ಕಿಡಿಯೇ ಇಲ್ಲ.